ಮುಹಾಚಾದ ಹದಿನಾಲ್ಕು ಮಂದಿ

ಏಳನೆಯ ಕಂತು

"ನಮ್ಮತ್ತೆ ಇಲ್ಲಿಲ್ಲ. ಊರಿಗೆ ಕಳಿಸಿಬಿಟ್ವಿ," ಎಂದಳು ಬಾಗಿಲಿಗೆ ಬಂದ ಹೆಂಗಸು. ಅವಳ ಎರಡೂ ಕೈಗೆ ಮೊಣಕೈವರೆಗೆ ಸೋಪಿನ ನೊರೆ ಹತ್ತಿತ್ತು.

"ಯಾವಾಗ?" ಶುವಾಯ್ ಕೇಳಿದಳು.

"ಎರಡು ಚಳಿಗಾಲ ಆಯ್ತು. ನೀವು ಚರ್ಚಿನ ತಾಯಂದಿರ ಸಂಘದವರಾ? ಕೆಂಪು ಕುಪ್ಪಸ ಕಾಣ್ತಿಲ್ಲ."

"ಆಸ್ಪತ್ರೆಯಿಂದ ಬಂದಿದೀನಿ."

"ಆಸ್ಪತ್ರೆಯವರು ಮನೆ ಹುಡುಕ್ಕೊಂಡು ಬರೋ ಕಾಲವೂ ಬಂತಾ! ಅವರು ಇದ್ದಾಗ ಬಂದಿದ್ರೆ ಚಹಾ ಆದ್ರೂ ಕಾಸ್ತಿದ್ದೆ."

ಶುವಾಯ್ ಚೀಲದಿಂದ ಕಾರ್ಡು ತೆಗೆದು ಮತ್ತೊಮ್ಮೆ ನೋಡಿದಳು. ರೋಸ್ಮರಿ ಚಿಕುಕ್ವಾ, ವಯಸ್ಸು ಅರವತ್ತೊಂದು, ಅನ್ನನಾಳದ ಕ್ಯಾನ್ಸರ್. ಜೀವಂತ ಕಂಡ ಕೊನೆಯ ದಿನಾಂಕ: 3 ಜುಲೈ 1997. ಅಂದರೆ ಎಂಟು ದಿನದ ಹಿಂದೆ.

"ಊರಲ್ಲಿ ಹೇಗಿದ್ದಾರೆ ಈಗ?"

ಹೆಂಗಸು ಕೈಯ ನೊರೆಯನ್ನು ಲಂಗಕ್ಕೆ ಒರೆಸಿಕೊಂಡಳು. "ಅಕ್ಕಾ, ನೀವು ನಿಜವಾಗ್ಲೂ ಆಸ್ಪತ್ರೆಯವರೇನಾ? ಬಸ್ಸಲ್ಲಿ ಒರಗಿ ಕೂರೋವಷ್ಟು ಜೀವ ಇದ್ದಾಗಲೇ ಅಲ್ವಾ ಕಳಿಸೋದು? ಜೀವ ಇದ್ರೆ ಒಂದು ಟಿಕೆಟ್ ಸಾಕು. ಹೋದ ಮೇಲಾದ್ರೆ ಪೆಟ್ಟಿಗೆ ಬೇಕು, ಲಾರಿ ಬೇಕು, ಪೊಲೀಸರ ಕಾಗದ ಬೇಕು. ನಮ್ಮೂರು ಬುಹೇರಾ ಮುಟ್ಟಿ ಒಂಬತ್ತು ದಿನ ಇದ್ರು. ಅಲ್ಲೇ ಮಣ್ಣು ಮಾಡಿದ್ವಿ. ಅವರ ಆಸೆಯೂ ಅದೇ ಇತ್ತು."

"ಸತ್ತಿದ್ದನ್ನ ಇಲ್ಲಿ ಯಾರಿಗಾದರೂ ಹೇಳಿದ್ರಾ? ಆಸ್ಪತ್ರೆಗೆ, ನಗರಸಭೆಗೆ?"

"ಯಾಕೆ ಹೇಳಬೇಕು? ಇಲ್ಲಿ ಸತ್ತಿಲ್ಲವಲ್ಲ."

ಶುವಾಯ್ ಕಾರ್ಡನ್ನು ಚೀಲಕ್ಕೆ ಹಾಕಿದಳು. ಇದು ಹದಿಮೂರನೆಯ ಮನೆ. ಇಲ್ಲಿ ಸಿಕ್ಕಿದ್ದೂ ಹದಿಮೂರನೆಯ ಸಮಾಧಿ.

*

ಅನ್ನನಾಳದ ಕ್ಯಾನ್ಸರ್ ಬಂದ ಮೇಲೂ ಮುಹಾಚಾ ಬಡಾವಣೆಯ ಹದಿನಾಲ್ಕು ಮಂದಿ ಎರಡು ವರ್ಷ ದಾಟಿ ಬದುಕಿದ್ದಾರೆ ಎಂದು ನಗರದ ಕ್ಯಾನ್ಸರ್ ನೋಂದಣಿ ಕಚೇರಿಯ ಕಾರ್ಡುಗಳು ಹೇಳುತ್ತಿದ್ದವು. ಅದನ್ನು ಮೊದಲು ಕಂಡವಳು ಆ ಕಚೇರಿಯ ಗುಮಾಸ್ತೆ ಶುವಾಯ್. ಅವಳ ಗಂಡ ಓಬರ್ಟನಿಗೆ ಅದೇ ರೋಗ ಎಂದು ಗೊತ್ತಾಗಿ ಐದು ತಿಂಗಳಾಗಿತ್ತು.

ಎಂಟು ವರ್ಷದಿಂದ ಅವಳ ಕೆಲಸ ಎಣಿಸುವುದು. ವಾರ್ಡಿನಿಂದ ವಾರ್ಡಿಗೆ, ಪ್ರಯೋಗಾಲಯದಿಂದ ಶವಾಗಾರಕ್ಕೆ ನಡೆದು, ಯಾರಿಗೆ ಯಾವ ಅಂಗದಲ್ಲಿ ಗೆಡ್ಡೆ, ಯಾವ ಬಡಾವಣೆ, ಇದ್ದಾರೋ ಹೋದರೋ ಎಂದು ಒಂದೊಂದು ಕಾರ್ಡಿಗೆ ಇಳಿಸುವುದು. ಅವಳು ಸೇರಿದಾಗ ವರ್ಷಕ್ಕೆ ಒಂದೆರಡು ಬರುತ್ತಿದ್ದ, ಏಡ್ಸ್ ಜೊತೆ ಕಾಣಿಸುವ ಚರ್ಮದ ಕಪ್ಪು ಗಂಟಿನ ಕಾರ್ಡುಗಳು ಈಗ ಒಂದು ಇಡೀ ಡ್ರಾಯರ್ ತುಂಬಿದ್ದವು. ಹೆಚ್ಚಿನವರೆಲ್ಲ ಮೂವತ್ತರ ಆಸುಪಾಸಿನವರು. ಅನ್ನನಾಳದ ಡ್ರಾಯರಿನಲ್ಲಿ ಇನ್ನೂರ ಹನ್ನೆರಡು ಕಾರ್ಡುಗಳಿದ್ದವು. ಮುಹಾಚಾ ಬಿಟ್ಟು ಉಳಿದ ಬಡಾವಣೆಗಳಲ್ಲಿ ಒಂದು ವರ್ಷ ದಾಟಿದವರು ಒಂಬತ್ತು ಜನ. ಎರಡು ವರ್ಷ ದಾಟಿದವರು ಒಬ್ಬರೂ ಇಲ್ಲ.

ಹೀಗಿರುವಾಗ ಒಂದೇ ಬಡಾವಣೆಯಲ್ಲಿ ಹದಿನಾಲ್ಕು.

ಅವರು ಯಾವ ಬೇರು ತಿಂದರು, ಯಾವ ನೀರು ಕುಡಿದರು ಎಂದು ತಿಳಿದರೆ ಓಬರ್ಟ್‌ಗೂ ಕೊಡಬಹುದು. ಶುವಾಯ್‌ಗೆ ಇದ್ದ ಆಸೆ ಇಷ್ಟೇ. ಆ ಆಸೆಯಲ್ಲೇ, ಒಂದೂ ಮನೆಯ ಬಾಗಿಲು ತಟ್ಟುವ ಮೊದಲೇ, ರಾಜಧಾನಿಯ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದುಬಿಟ್ಟಿದ್ದಳು. ಎಂಟು ವರ್ಷದಲ್ಲಿ ಪರೀಕ್ಷಿಸದೆ ಅವಳು ಕಳಿಸಿದ ಅಂಕಿ ಅದೊಂದೇ. ಉತ್ತರ ಬಂದಿತ್ತು: ಮೂವರು ವೈದ್ಯರು ಸೋಮವಾರ ಬರುತ್ತಾರೆ, ಹದಿನಾಲ್ಕು ಮಂದಿಯನ್ನೂ ಕಂಡು ರಕ್ತ ತೆಗೆದುಕೊಳ್ಳುತ್ತಾರೆ.

ಇವತ್ತು ಶುಕ್ರವಾರ.

ಹನ್ನೆರಡು ಮಂದಿಯ ಸುದ್ದಿ ಸಿಕ್ಕಿದ್ದು ಊರಿನ ಬಸ್ಸುಗಳ ಕಂಡಕ್ಟರುಗಳಿಂದ. ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿಕೊಂಡು ಹೋದವರನ್ನು ಅವರು ಮರೆಯುವುದಿಲ್ಲ. ದಾರಿಯಲ್ಲಿ ಉಸಿರು ನಿಂತರೆ ಪೊಲೀಸರಿಗೆ ಉತ್ತರ ಹೇಳಬೇಕಾದವರು ಅವರೇ. "ಹೋಗೋ ಟಿಕೆಟ್ ಹರಿದ ನೆನಪಿದೆ," ಎಂದಿದ್ದ ಚಿಪಿಂಗೆ ಎಂಬ ಊರಿನ ಬಸ್ಸಿನವನು. "ವಾಪಸ್ ಟಿಕೆಟ್ ಹರಿದಿದ್ರೆ ಅಂಥವರನ್ನ ಬಸ್ ಮೇಲೆ ಕೂರಿಸಿ ಮೆರವಣಿಗೆ ಮಾಡ್ತಿದ್ದೆ ಅಮ್ಮಾ."

ಆಮೇಲೆ ಆಯಾ ಊರಿನ ಅಂಗಡಿಗಳಿಗೆ ಫೋನು. ಪ್ರತಿ ಸಲವೂ ಒಂದೇ ಉತ್ತರ.

ಹದಿನಾಲ್ಕನೆಯವಳು ಲವ್‌ನೆಸ್ ಗೊಂಡೊ. ವಯಸ್ಸು ನಲವತ್ತನಾಲ್ಕು, ತರಕಾರಿ ಮಾರುವವಳು. ಬಾಡಿಗೆ ಕೋಣೆ ಬಿಟ್ಟು ಹೋಗಿದ್ದಳು. ಎಲ್ಲಿಗೆ ಎಂದು ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ. ಶುವಾಯ್ ಅವಳನ್ನೂ ಉಳಿದವರ ಜೊತೆ ಸೇರಿಸಿದಳು.

ಉಳಿದದ್ದು ಒಂದೇ ಪ್ರಶ್ನೆ. ಸತ್ತವರನ್ನು ತಿಂಗಳು ತಿಂಗಳು ಜೀವಂತ ಎಂದು ಬರೆಯುತ್ತಿದ್ದವರು ಯಾರು?

*

ನೋಂದಣಿಯಲ್ಲಿ ಹೆಸರಿರುವ ನಗರವಾಸಿಗಳಿಗೆ ಆಸ್ಪತ್ರೆ ತಿಂಗಳಿಗೊಂದು ಸೀಸೆ ಮಾರ್ಫೀನ್ ದ್ರಾವಣ ಕೊಡುತ್ತಿತ್ತು. ಪ್ರತಿ ತಿಂಗಳ ಮೊದಲ ಗುರುವಾರ ರೋಗಿಯೋ ಮನೆಯವರೋ ಬಂದು ಒಯ್ಯಬೇಕು. ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಔಷಧ ಒಯ್ದವರು ಬದುಕಿದ್ದಾರೆ ಎಂದು ಆ ಪುಸ್ತಕ ನೋಡಿಯೇ ನೋಂದಣಿಯ ಕಾರ್ಡು ತುಂಬುವುದು.

ಪುಸ್ತಕ ಮುಟ್ಟುವವರು ಇಬ್ಬರು. ಔಷಧದ ಕಿಟಕಿಯಲ್ಲಿ ಕೂರುವ ಟೈಟಸ್, ನೋವಿನ ವಾರ್ಡಿನ ಹಿರಿಯ ನರ್ಸ್ ಸೆಫಾಸ್ ಮಾದ್ಜಿವಾ.

ಟೈಟಸ್ ಮೇಲೆ ಶುವಾಯ್‌ಗೆ ಮೊದಲಿಂದಲೂ ಸಂಶಯವಿತ್ತು. ಹೊಸ ಬೂಟು, ಹೊಸ ರೇಡಿಯೊ. ಆದರೆ ನಿನ್ನೆ ಮಧ್ಯಾಹ್ನ ಪುಸ್ತಕವನ್ನು ಎರಡು ಗಂಟೆ ಓದಿದ ಮೇಲೆ ಸಂಶಯದ ದಿಕ್ಕು ಬದಲಾಯಿತು. ಕೊನೆಯ ಕಾಲಂ 'ಏನು ನುಂಗುತ್ತಾರೆ' ಎಂಬುದು. ಅದನ್ನು ಕೇಳಿ ತುಂಬುವವರು ನರ್ಸ್.

ಈ ರೋಗದಲ್ಲಿ ಆ ಕಾಲಂ ಒಂದೇ ದಿಕ್ಕಿಗೆ ಹೋಗುತ್ತದೆ. ಮೊದಲು ಸಾದ್ಜಾ, ಅಂದರೆ ಮೆಕ್ಕೆಜೋಳದ ಗಟ್ಟಿ ಮುದ್ದೆ. ಆಮೇಲೆ ಗಂಜಿ, ಆಮೇಲೆ ಹಾಲು, ಕೊನೆಗೆ ನೀರು. ಓಬರ್ಟ್ ಐದು ತಿಂಗಳಲ್ಲಿ ಮುದ್ದೆಯಿಂದ ಹಾಲಿಗೆ ಬಂದಿದ್ದ. ಈ ಹದಿಮೂರು ಮಂದಿ ಎರಡು ವರ್ಷದಿಂದ ತಿಂಗಳು ತಪ್ಪದೆ 'ತೆಳು ಗಂಜಿ'. ಲವ್‌ನೆಸ್ ಗೊಂಡೊ ಮಾತ್ರ 'ಮುದ್ದೆ'.

ಬರೆದ ಕೈ ಮಾದ್ಜಿವಾ ಅವರದ್ದು.

*

ಅವರು ಸಿಂಹ ಕುಲದವರು. ಆದ್ದರಿಂದ ಆಸ್ಪತ್ರೆಯಲ್ಲೆಲ್ಲ ಅವರನ್ನು ಶುಂಬಾ ಎಂದೇ ಕರೆಯುತ್ತಿದ್ದರು. ಸಿಂಹದ ಲಕ್ಷಣ ಯಾವುದೂ ಇರಲಿಲ್ಲ. ಐವತ್ತೇಳರ ಸಣಕಲು ದೇಹ, ಕಿವಿಯ ಮೇಲೆ ಪೆನ್ಸಿಲ್. ಶುವಾಯ್ ಹೋದಾಗ ತಮ್ಮ ಕೋಣೆಯಲ್ಲಿ ಕೂತು ಹುರಿದ ಜೋಳ ತಿನ್ನುತ್ತಿದ್ದರು.

"ಬನ್ನಿ ಬನ್ನಿ ಮಾಯ್ ತಾಪಿವಾ. ತಗೊಳ್ಳಿ. ಓಬರ್ಟ್ ರಾತ್ರಿ ನಿದ್ದೆ ಮಾಡ್ತಾರಾ?"

"ಮಾಡ್ತಾರೆ ಶುಂಬಾ. ಜೋಳ ಬೇಡ." ಮಗಳು ತಾಪಿವಾಳ ತಾಯಿ ಎಂದು ಹೀಗೆ ಅಕ್ಕರೆಯಿಂದ ಕರೆಸಿಕೊಳ್ಳುವುದು ಅವಳಿಗೆ ಎಂದೂ ಇಷ್ಟು ಭಾರವೆನಿಸಿರಲಿಲ್ಲ. ಹದಿನಾಲ್ಕು ಕಾರ್ಡುಗಳನ್ನು ಮೇಜಿನ ಮೇಲೆ ಇಟ್ಟಳು. "ರೋಸ್ಮರಿ ಚಿಕುಕ್ವಾ ಕಳೆದ ವಾರ ಔಷಧ ತಗೊಂಡ್ರು ಅಂತ ಬರೆದಿದೀರಿ. ಅವರನ್ನ ಹೂತು ಎರಡು ವರ್ಷ ಆಯ್ತು."

ಮಾದ್ಜಿವಾ ಜೋಳ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಬುಹೇರಾಗೂ ಹೋಗಿ ಬಂದ್ರಾ?"

"ಹೋಗಬೇಕಾಗಿಲ್ಲ. ಸೊಸೆ ಹೇಳಿದಳು."

"ಆ ಸೊಸೆ ಬಾಯಿ ಜೋರು. ಆದ್ರೆ ಅತ್ತೆಯನ್ನ ಚೆನ್ನಾಗಿ ನೋಡ್ಕೊಂಡಳು." ಕೈ ಕೊಡವಿಕೊಂಡರು. "ಎಷ್ಟು ಜನ ಸಿಕ್ಕಿದ್ರು?"

"ಹದಿಮೂರು ಜನ. ಎಲ್ಲರೂ ಮಣ್ಣಲ್ಲಿ. ಶುಂಬಾ, ನೀವು ಮಾರ್ತಿದ್ದೀರಾ?"

"ಮಾರಿದ್ರೆ ಈ ಅಂಗಿ ಹಾಕ್ಕೊಂಡು ಕೂರ್ತಿದ್ನಾ?" ಕಾಲರಿನ ಹರಿದ ಅಂಚನ್ನು ಎತ್ತಿ ತೋರಿಸಿದರು. "ಊರು ಸೇರಿದವರು ನಗರದವರಲ್ಲ. ನಗರದ ಗಡಿ ದಾಟಿದರೆ ಔಷಧ ಇಲ್ಲ. ಗಡಿ ಆಚೆಯವರಿಗೂ ಗಂಟಲು ಕಟ್ಟುತ್ತಲ್ಲಾ ತಾಯಿ? ಗುಡ್ಡದ ಕೆಳಗಿನ ತೋಟದವರು, ಗಣಿಯವರು, ಮರದ ಎಸ್ಟೇಟಿನವರು ಬರ್ತಾರೆ. ನೋವಿಂದ ಗೋಡೆ ಪರಚ್ತಾರೆ. ನಿಮ್ಮ ಪಟ್ಟಿಯಲ್ಲಿ ಹೆಸರಿಲ್ಲ, ಹೋಗಿ ಅಂತ ನಾನು ಹೇಳಬೇಕು. ಆರು ವರ್ಷ ಹೇಳಿದೆ. ಆಮೇಲೆ ಆಗಲಿಲ್ಲ."

"ಅದಕ್ಕೆ ಸತ್ತವರ ಹೆಸರಲ್ಲಿ..."

"ಸತ್ತವರು ಬೇಡ ಅನ್ನಲಿಲ್ಲ."

"ಇದು ಕಳ್ಳತನ. ನನ್ನ ಅಂಕಿ ಎಲ್ಲಾ ಸುಳ್ಳಾಯ್ತು. ಹದಿನಾಲ್ಕು ಜನ ಬದುಕಿದಾರೆ ಅಂತ ನಾನು, ನಾನು..."

ಮಾದ್ಜಿವಾ ಕಾರ್ಡುಗಳನ್ನು ಬದಿಗೆ ಸರಿಸಿದರು. ಆಮೇಲೆ ದನಿ ತಗ್ಗಿಸಿದರು.

"ಓಬರ್ಟ್ ಕಾರ್ಡಲ್ಲಿ ವಿಳಾಸ ಏನು ಬರೆದಿದೀರಿ?"

ಆ ಸಾಲು ಶುವಾಯ್‌ಗೆ ನೆನಪಿತ್ತು. ಗಂಡ ಮರದ ಎಸ್ಟೇಟಿನಲ್ಲಿ ಮೇಸ್ತ್ರಿ. ನಲವತ್ತು ಕಿಲೋಮೀಟರ್ ದೂರ. ವಾರದಲ್ಲಿ ಐದು ರಾತ್ರಿ ಅಲ್ಲಿನ ಕ್ವಾರ್ಟರ್ಸಿನಲ್ಲಿ, ಎರಡು ರಾತ್ರಿ ಮನೆಯಲ್ಲಿ. ಆರು ತಿಂಗಳು ನಗರದಲ್ಲಿ ವಾಸವಿದ್ದವರು ಮಾತ್ರ ನಗರದವರು ಎಂಬುದು ನಿಯಮ. ಫೆಬ್ರವರಿಯಲ್ಲಿ ತನ್ನ ಕೈಯಿಂದಲೇ ಬರೆದಿದ್ದಳು: ಹೊರಗಿನವರು. ಲೆಕ್ಕಕ್ಕಿಲ್ಲ.

"ನಾಲ್ಕು ತಿಂಗಳಿಂದ ಅವರಿಗೆ ಸೀಸೆ ಬರ್ತಿದೆ," ಎಂದರು ಮಾದ್ಜಿವಾ. "ಚೀಟಿ ಇಲ್ಲದ ಸೀಸೆ. ನಿಮಗೆ ಎಲ್ಲದಕ್ಕೂ ಯಾಕೆ ಏನು ಅಂತ ಕೇಳೋ ಅಭ್ಯಾಸ. ಅದೊಂದನ್ನ ಮಾತ್ರ ಕೇಳಲಿಲ್ಲ."

"ಯಾರ ಹೆಸರಲ್ಲಿ?"

"ರೋಸ್ಮರಿ ಚಿಕುಕ್ವಾ."

ಹೊರಗೆ ವರಾಂಡದಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋದರು. ಶುವಾಯ್ ಕುರ್ಚಿಯಲ್ಲಿ ಕೂತಳು.

"ಸೋಮವಾರ ನಿಮ್ಮ ಡಾಕ್ಟರುಗಳು ಬಂದ್ರೆ ಹದಿಮೂರು ಸೀಸೆ ನಿಲ್ಲುತ್ತೆ," ಎಂದರು ಅವರು. "ಒಂದು ನಿಮ್ಮ ಮನೇದು. ನನ್ನ ಕೆಲಸ ಹೋಗಲಿ ಬಿಡಿ, ಪಿಂಚಣಿಗೆ ಹೇಗೂ ಮೂರು ವರ್ಷ ಇದೆ, ಜೈಲಲ್ಲೂ ಮುದ್ದೆ ಕೊಡ್ತಾರೆ. ಆದ್ರೆ ಆ ಹದಿಮೂರು ಜನ?" ಮೇಜಿನ ತುದಿಯಲ್ಲಿದ್ದ ಫೋನನ್ನು ಅವಳ ಕಡೆ ತಳ್ಳಿದರು. "ರಾಜಧಾನಿಗೆ ಮಾಡಿ. ಎಣಿಸೋವಾಗ ತಪ್ಪಾಯ್ತು, ಬರಬೇಡಿ ಅನ್ನಿ."

"ನಾನು ತಪ್ಪಿಲ್ಲ. ತಪ್ಪಿಸಿದ್ದು ನೀವು."

"ಹೌದು. ಅದನ್ನ ಫೋನಲ್ಲಿ ಹೇಳೋಕಾಗುತ್ತಾ?"

ಅವಳು ಫೋನು ಮುಟ್ಟಲಿಲ್ಲ. ಮೇಲಿನ ಕಾರ್ಡನ್ನು ಎತ್ತಿದಳು. "ಹದಿನಾಲ್ಕರಲ್ಲಿ ಹದಿಮೂರು ಅಂತಲೇ ಹೇಳ್ತಿದೀರಿ. ಲವ್‌ನೆಸ್ ಗೊಂಡೊ?"

ಮಾದ್ಜಿವಾ ಮೊದಲ ಸಲ ಕಣ್ಣು ತಪ್ಪಿಸಿದರು.

"ಅದು ನಾನು ಕಟ್ಟಿದ್ದಲ್ಲ."

"ಮತ್ತೆ?"

"ಅವಳೇ ಬರ್ತಾಳೆ. ಮೊದಲ ಗುರುವಾರ, ಬೆಟ್ಟ ಹತ್ತಿಕೊಂಡು. ಕಳೆದ ವಾರವೂ ಬಂದಿದ್ದಳು. ಆ ಬೆಂಚಿನ ಮೇಲೆ ಕೂತು ಒಂದು ಬನ್ನು ತಿಂದಳು, ಮೇಲೆ ಇನ್ನೊಂದು ಇದೆಯಾ ಅಂದಳು."

ಶುವಾಯ್‌ಗೆ ಲೆಕ್ಕ ತಕ್ಷಣ ಹೊಳೆಯಿತು. ಎರಡು ವರ್ಷ ಎರಡು ತಿಂಗಳು. ಬನ್ನು. ಕಾರ್ಡಿನ ಮೇಲಿದ್ದುದನ್ನು ಮತ್ತೆ ಓದಿದಳು: ಪರೀಕ್ಷೆಯ ದಿನ 16 ಮೇ 1995. ಆರಂಭದ ಹಂತ. ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ.

"ಏನು ಮಾಡಿದಳು ಅವಳು? ಏನು ತಗೊಂಡಳು? ಎಲ್ಲಿದಾಳೆ?"

"ಫೋನ್ ಮಾಡಿ. ಆಮೇಲೆ ಹೇಳ್ತೀನಿ."

"ಇದು ವ್ಯಾಪಾರನಾ ಶುಂಬಾ?"

"ಹೌದಮ್ಮ," ಎಂದರು ಅವರು, ನಾಚಿಕೆಯಿಲ್ಲದೆ. "ಹದಿಮೂರು ಜನರ ಪರವಾಗಿ ವ್ಯಾಪಾರವೇ. ಆದರೆ ಒಂದು ಹೇಳಿಬಿಡ್ತೀನಿ, ಆಮೇಲೆ ಬೈಬೇಡಿ. ಕೇಳದೇ ಇದ್ರೆ ನಿಮಗೆ ಒಳ್ಳೇದು."

ಅವಳು ನಂಬರು ತಿರುಗಿಸಿದಳು. ವಿಭಾಗದ ಕಾರ್ಯದರ್ಶಿ ಸಿಕ್ಕಳು. ಹದಿನಾಲ್ಕು ಮಂದಿಯ ವಿಷಯ ತನ್ನ ತಪ್ಪು, ಕಾರ್ಡು ಜೋಡಿಸುವಾಗ ಎರಡು ಡ್ರಾಯರು ಬೆರೆತುಹೋದವು, ದಯವಿಟ್ಟು ಪ್ರಯಾಣ ರದ್ದು ಮಾಡಿ ಎಂದಳು. "ಅಯ್ಯೋ, ಹೀಗೂ ಮಾಡ್ತಾರಾ? ನಮ್ಮ ಪ್ರೊಫೆಸರು ಸಭೆಯಲ್ಲೆಲ್ಲ ಹೇಳ್ಕೊಂಡು ಬಂದಿದಾರೆ," ಎಂದಿತು ಆ ಕಡೆಯ ದನಿ. "ಮುಂದೆ ನಿಮ್ಮ ಅಂಕಿ ಬಂದ್ರೆ ಎರಡು ಸಲ ನೋಡಬೇಕಾಗುತ್ತೆ ಅಷ್ಟೆ." ಶುವಾಯ್ ಕ್ಷಮೆ ಕೇಳಿ ಫೋನು ಇಟ್ಟಳು. ಎಂಟು ವರ್ಷದ ಹೆಸರು ಎರಡೂವರೆ ನಿಮಿಷದಲ್ಲಿ ಮುಗಿಯಿತು.

"ಹೇಳಿ," ಎಂದಳು.

"ಲವ್‌ನೆಸ್ ಏನೂ ತಗೊಂಡಿಲ್ಲ," ಎಂದರು ಮಾದ್ಜಿವಾ. "ಅವಳಿಗೆ ರೋಗವೇ ಇಲ್ಲ."

"ಸ್ಲೈಡಲ್ಲಿ ಕ್ಯಾನ್ಸರ್ ಇತ್ತಲ್ಲ. ಪ್ರಯೋಗಾಲಯದ ವರದಿ ನಾನೇ ಓದಿದೀನಿ."

"ಸ್ಲೈಡಲ್ಲಿ ಇತ್ತು. ಅವಳ ಗಂಟಲಲ್ಲಿ ಇರಲಿಲ್ಲ." ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. "ವರ್ಷದ ಹಿಂದೆ ನನಗೂ ಸಂಶಯ ಬಂತು. ಇವಳು ಯಾಕೆ ಸಾಯ್ತಿಲ್ಲ ಅಂತ. ಹಳೇ ಪುಸ್ತಕ ತೆಗೆಸಿ ನೋಡಿದೆ. ಆ ಮಂಗಳವಾರ ಗಂಟಲಿಗೆ ಕೊಳವೆ ಇಳಿಸಿ ಪರೀಕ್ಷೆಗೆ ಚೂರು ತೆಗೆದದ್ದು ಇಬ್ಬರಿಗೆ ಮಾತ್ರ. ನಾನೂರ ಹನ್ನೊಂದು, ನಾನೂರ ಹನ್ನೆರಡು. ಎರಡು ನಂಬರಿನ ಮೇಲೂ ಬಿಳಿ ಬಣ್ಣ ಬಳಿದು ಅದಲುಬದಲು ಮಾಡಿ ಬರೆದಿದಾರೆ. ಇವಳಿಗೆ ಬರಬೇಕಾದ್ದು ಅವರಿಗೆ, ಅವರದ್ದು ಇವಳಿಗೆ."

"ಅವಳಿಗೆ ಹೇಳಿದ್ರಾ?"

"ಇಲ್ಲ."

"ವರ್ಷದಿಂದ! ಸಾಯ್ತೀನಿ ಅಂತ ಕಾಯ್ಕೊಂಡು ಕೂತಿದಾಳೆ ಆ ಹೆಂಗಸು!"

"ಅಂಗಡಿ ಜಾಗ ತಂಗಿಗೆ ಕೊಟ್ಟಳು. ಹದಿನೇಳರ ಮಗಳನ್ನ ಮದುವೆ ಮಾಡಿ ಕಳಿಸಿದಳು. ಗೊತ್ತು ನನಗೆ. ತಿಂಗಳು ತಿಂಗಳು ಬಂದು ಸೀಸೆ ತಗೊಂಡು, ನೋವಿಲ್ಲ ಅಂತ ನನಗೇ ವಾಪಸ್ ಕೊಡ್ತಾಳೆ. ಹೇಳಿದ ದಿನ ಅವಳ ಹೆಸರು ಪಟ್ಟಿಯಿಂದ ಹೋಗುತ್ತೆ, ಆ ಸೀಸೆಯೂ ಹೋಗುತ್ತೆ. ಅದನ್ನ ಕುಡಿಯೋ ಗಣಿಯವನಿಗೆ ಇಪ್ಪತ್ತೊಂಬತ್ತು ವರ್ಷ." ಮಾದ್ಜಿವಾ ಹಣೆ ಒರೆಸಿಕೊಂಡರು. "ನಾನು ಒಳ್ಳೆಯವನು ಅಂತ ಹೇಳ್ಕೊಳ್ಳೋಕೆ ನಿಮ್ಮನ್ನ ಕೂರಿಸಿಲ್ಲ."

ಶುವಾಯ್‌ಗೆ ಮುಂದಿನ ಪ್ರಶ್ನೆ ಯಾವುದು ಎಂದು ಗೊತ್ತಿತ್ತು. ಆ ಮೇ ತಿಂಗಳು ಓಬರ್ಟ್‌ಗೆ ಎದೆ ಉರಿಯೆಂದು ಅವಳೇ ರಜೆ ಹಾಕಿ ಕರೆತಂದಿದ್ದಳು. ಬರೀ ಹುಣ್ಣು ಎಂದು ಹೇಳಿ ಬಿಳಿ ಔಷಧ ಕೊಟ್ಟು ಕಳಿಸಿದ್ದರು. ಆ ಸಂಜೆ ಇಬ್ಬರೂ ಮಾರುಕಟ್ಟೆಯಲ್ಲಿ ಇಳಿದು ಕೋಳಿ ಕೊಂಡು ಮನೆಗೆ ಹೋಗಿದ್ದರು.

"ಆ ದಿನದ ಇನ್ನೊಬ್ಬರು," ಎಂದಳು.

"ಹೌದು ಮಾಯ್ ತಾಪಿವಾ."

"ಆರಂಭದ ಹಂತ ಅಂತ ಬರೆದಿರೋದು..."

"ಅವರದ್ದು. ಆಗ ಅದು ಮೇಲಿನ ಪದರದಲ್ಲಿ ಮಾತ್ರ ಇತ್ತು. ಕೊಯ್ದು ತೆಗೆಯಬಹುದಿತ್ತು."

ಅವಳು ಅಳಲಿಲ್ಲ. ಕಾರ್ಡುಗಳನ್ನು ಅಂಚು ಸೇರಿಸಿ ಜೋಡಿಸಿದಳು, ಮತ್ತೆ ಜೋಡಿಸಿದಳು. ಇಷ್ಟು ದಿನ ಬದುಕಿದವರನ್ನು ಹುಡುಕಿದ್ದಳು. ಸಿಕ್ಕಿದ್ದು ಒಬ್ಬಳು, ಅವಳೂ ಬದುಕಿದ್ದು ಓಬರ್ಟನ ಪಾಲಿನ ವರದಿಯನ್ನು ಹೊತ್ತುಕೊಂಡು.

"ನಿಮಗೆ ಗೊತ್ತಾಗಿದ್ದು ಒಂದು ವರ್ಷದ ಹಿಂದೆ," ಎಂದಳು ನಿಧಾನವಾಗಿ. "ಅವರಿಗೆ ನುಂಗೋಕೆ ಕಷ್ಟ ಆಗಿದ್ದು ಈ ಜನವರಿಯಲ್ಲಿ. ನಡುವೆ ಆರು ತಿಂಗಳು ಇತ್ತು. ಆಗಲಾದರೂ ಕೊಯ್ಯಬಹುದಿತ್ತು. ಬಾಯಿ ಮುಚ್ಚಿಕೊಂಡು ಕೂತಿರಾ?"

"ಇಲ್ಲ." ಮಾದ್ಜಿವಾ ಮೇಜಿಗೆ ಎರಡೂ ಕೈ ಊರಿದರು. "ಗೊತ್ತಾದ ವಾರವೇ ಎಸ್ಟೇಟಿಗೆ ಹೋದೆ. ಮರ ಕೊಯ್ಯೋ ಶೆಡ್ಡಿನ ಹಿಂದೆ ಕೂರಿಸಿ ಓಬರ್ಟ್‌ಗೆ ಎಲ್ಲಾ ಹೇಳಿದೆ. ಬಿಳಿ ಬಣ್ಣ ಬಳಿದ ಪುಟವನ್ನೂ ತೋರಿಸಿದೆ."

"ಸುಳ್ಳು. ನನ್ನ ಗಂಡ ನನಗೆ ಹೇಳದೆ ಇರಲ್ಲ."

"ಹೇಳಬೇಡ ಅಂತ ನನ್ನ ಕೈ ಹಿಡಿದು ಆಣೆ ಹಾಕಿಸಿದ್ದು ಅವರೇ. ಆಸ್ಪತ್ರೆಗೆ ಬರಲ್ಲ ಅಂದ್ರು. ಕೊಯ್ಯಿಸ್ಕೊಳ್ಳಲ್ಲ ಅಂದ್ರು. ಬೇಡಿಕೊಂಡೆ ತಾಯಿ, ಬೈದೂ ನೋಡಿದೆ."

"ಯಾಕೆ? ಏನು ಕಾರಣ ಕೊಟ್ರು?"

"ಕಾರಣ ಕೊಡಲಿಲ್ಲ. ಪುಟವನ್ನ ಬಹಳ ಹೊತ್ತು ನೋಡಿದ್ರು. ತಿದ್ದಿದ ಅಂಕಿಗಳ ಮೇಲೆ ಹೀಗೆ ಬೆರಳಾಡಿಸಿದ್ರು, ಆ ಕೈಬರಹದ ಪರಿಚಯ ಇದ್ದವರ ಹಾಗೆ. ಆಮೇಲೆ ಒಂದೇ ಮಾತು ಕೇಳಿದ್ರು."

"ಏನಂತ?"

ಮಾದ್ಜಿವಾ ಹೇಳುವ ಮೊದಲು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದರು.

"'ಇದನ್ನ ತಿದ್ದಿದ ಕೈ ಯಾರದ್ದು ಅಂತ ನನ್ನ ಹೆಂಡತಿಗೆ ಯಾವತ್ತಾದರೂ ಗೊತ್ತಾಗುತ್ತಾ?' ಅಂತ ಕೇಳಿದ್ರು. ಇಲ್ಲ, ನನಗೂ ಗೊತ್ತಿಲ್ಲ ಅಂದೆ. 'ಹಾಗಾದ್ರೆ ಸರಿ' ಅಂತ ಎದ್ದು ಕೆಲಸಕ್ಕೆ ಹೋದ್ರು."